ಹಣದ ಮುಗ್ಗಟ್ಟಿನ ತಿಂಗಳುಗಳಲ್ಲಿ ನಿರ್ಧಾರ ಕೈಗೊಳ್ಳುವ ಬಗೆ

ಬಡವರು ತಪ್ಪು ನಿರ್ಧಾರಗಳಿಂದಲೇ ಬಡವರಾಗಿ ಉಳಿಯುತ್ತಾರೆ ಎಂಬ ಮಾತನ್ನು ನಮ್ಮಲ್ಲಿ ಓದಿದವರೂ ಸಲೀಸಾಗಿ ಆಡುತ್ತಾರೆ. ಆ ಮಾತು ಅನ್ಯಾಯದ್ದು ಎಂಬುದಕ್ಕೆ ನೆರೆಯ ತಮಿಳುನಾಡಿನ ಕಬ್ಬು ಬೆಳೆಗಾರರಿಂದಲೇ ಪುರಾವೆ ದೊರೆತಿದೆ. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮತ್ತು ಅವರ ಸಂಗಡಿಗರು 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 464 ಬೆಳೆಗಾರರನ್ನು ಕಟಾವಿಗೆ ಮೊದಲೊಮ್ಮೆ, ಕಬ್ಬಿನ ಹಣ ಬಂದ ಮೇಲೊಮ್ಮೆ ತರ್ಕದ ಹಾಗೂ ಏಕಾಗ್ರತೆಯ ಪರೀಕ್ಷೆಗಳಿಗೆ ಒಳಪಡಿಸಿದರು. ಕಟಾವಿಗೆ ಮೊದಲು ನೂರಕ್ಕೆ 78 ಮಂದಿ ಏನನ್ನಾದರೂ ಗಿರವಿ ಇಟ್ಟಿದ್ದರು. ಹಣ ಬಂದ ಮೇಲೆ ಹಾಗಿದ್ದವರು ನೂರಕ್ಕೆ 4 ಮಾತ್ರ. ಅದೇ ವ್ಯಕ್ತಿ ಮೊದಲ ಸಲ ತಡವರಿಸಿ, ಎರಡನೆಯ ಸಲ ಗಮನಾರ್ಹವಾಗಿ ಚೆನ್ನಾಗಿ ಉತ್ತರಿಸಿದ್ದನು. ಕಾರ್ಖಾನೆಯವರು ಸರದಿಯಂತೆ ಕಟಾವು ಮಾಡಿಸುವುದರಿಂದ ಅಕ್ಕಪಕ್ಕದ ಹೊಲದವರಿಗೂ ಹಣ ಬೇರೆ ಬೇರೆ ತಿಂಗಳಲ್ಲಿ ಬರುತ್ತದೆ. ಆದ್ದರಿಂದ ಈ ವ್ಯತ್ಯಾಸಕ್ಕೆ ಹವಾಮಾನವನ್ನೋ ಹಬ್ಬದ ದಿನಗಳನ್ನೋ ಕಾರಣವೆನ್ನಲಾಗದು. ಅಮೆರಿಕದಲ್ಲಿ ಸಂಬಳದ ದಿನದ ಹಿಂದುಮುಂದೆ ನಡೆಸಿ 2016ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನದಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಕೆಲವು ದಿನ ಸಂಬಳಕ್ಕೆ ಕಾಯುವುದಕ್ಕೂ ಇಡೀ ವರ್ಷ ಬೆಳೆಯ ಹಣಕ್ಕೆ ಕಾಯುವುದಕ್ಕೂ ಬಹಳ ಅಂತರವಿದೆ ಎಂದು ನಾನು ಭಾವಿಸುತ್ತೇನೆ.

ಕೊರತೆಯು ಬುದ್ಧಿಯನ್ನು ಕಡಿಮೆ ಮಾಡುವುದಿಲ್ಲ, ಅದು ಗಮನವನ್ನು ಕಬಳಿಸುತ್ತದೆ. ನಾಳೆಯ ಕಂತಿಗೆ ಯಾರನ್ನು ಕೇಳಲಿ ಎಂಬ ಚಿಂತೆ ತುಂಬಿದ ಮನಸ್ಸಿನಲ್ಲಿ ಆರು ತಿಂಗಳ ಮುಂದಿನ ಲೆಕ್ಕಕ್ಕೆ ಜಾಗ ಉಳಿಯುವುದಿಲ್ಲ. ಆದ್ದರಿಂದ ಮುಗ್ಗಟ್ಟಿನಲ್ಲಿ ಇನ್ನಷ್ಟು ಎಚ್ಚರದಿಂದ ಯೋಚಿಸಿ ಎಂದು ಉಪದೇಶಿಸುವುದು ವ್ಯರ್ಥ. ಯೋಚಿಸಬೇಕಾದ ಕೆಲಸವನ್ನೇ ಕೈಯಲ್ಲಿ ಹಣವಿರುವ ದಿನಗಳಿಗೆ ಸಾಗಿಸಬೇಕು.

ಮೊದಲು ಗೋಡೆಯ ಕ್ಯಾಲೆಂಡರ್‌ನಲ್ಲಿ ಹಣ ಬರುವ ತಿಂಗಳುಗಳನ್ನೂ ಹಣ ಹೋಗುವ ತಿಂಗಳುಗಳನ್ನೂ ಗುರುತಿಸಿ. ಜೂನ್‌ನ ಶಾಲಾ ಶುಲ್ಕ, ಮುಂಗಾರಿನ ಬೀಜ ಗೊಬ್ಬರ, ಗೌರಿ ಗಣೇಶ ಹಬ್ಬ, ಸಹಕಾರ ಸಂಘದ ಬೆಳೆ ಸಾಲದ ಗಡುವು ಇವೆಲ್ಲ ಮೊದಲೇ ಗೊತ್ತಿರುವ ಖರ್ಚುಗಳಾದರೂ ಪ್ರತಿ ವರ್ಷ ಹಠಾತ್ತನೆ ಬಂದಂತೆ ತೋರುತ್ತವೆ. ಬೆಳೆ ಸಾಲದ ಗಡುವನ್ನು ಕೆಂಪು ಶಾಯಿಯಲ್ಲೇ ಬರೆಯಿರಿ, ಏಕೆಂದರೆ ಶೂನ್ಯ ಬಡ್ಡಿಯ ರಿಯಾಯಿತಿ ದೊರೆಯುವುದು ಗಡುವಿನೊಳಗೆ ತೀರಿಸಿದವರಿಗೆ ಮಾತ್ರ. ಕಬ್ಬು ಬೆಳೆಯುವವರು ಕಬ್ಬು ಸಾಗಿಸಿದ ದಿನವನ್ನೂ ಬರೆದಿಡಬೇಕು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ 14 ದಿನಗಳೊಳಗೆ ಹಣ ಪಾವತಿಸಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿಯನ್ನೂ ಕೊಡಬೇಕು. ಬಾಕಿ ಉಳಿಸಿಕೊಳ್ಳುವ ಕಾರ್ಖಾನೆ ರೈತನ ಹಣದ ಜೊತೆಗೆ ಅವನ ನೆಮ್ಮದಿಯನ್ನೂ ಕಸಿಯುತ್ತದೆ.

ಹಣ ಬಂದ ವಾರದಲ್ಲೇ ಮುಂದಿನ ಖರ್ಚುಗಳನ್ನು ಸಾಧ್ಯವಾದಷ್ಟು ತೀರಿಸಿಬಿಡಿ. ಕೀನ್ಯಾದ ಪಶ್ಚಿಮ ಭಾಗದಲ್ಲಿ ಎಸ್ತರ್ ಡುಫ್ಲೊ, ಮೈಕೆಲ್ ಕ್ರೆಮರ್ ಮತ್ತು ಜೊನಾಥನ್ ರಾಬಿನ್ಸನ್ ನಡೆಸಿದ ಪ್ರಯೋಗದಲ್ಲಿ, ಸುಗ್ಗಿಯ ಹೊತ್ತಿಗೇ ಗೊಬ್ಬರವನ್ನು ಕೊಳ್ಳುವ ಅವಕಾಶ ಕೊಟ್ಟು ಸಾಗಣೆಯನ್ನು ಉಚಿತಗೊಳಿಸಿದಾಗ ಗೊಬ್ಬರ ಬಳಸುವ ರೈತರ ಸಂಖ್ಯೆ ಏರಿತು. ಗೊಬ್ಬರ ಒಳ್ಳೆಯದೆಂಬುದು ಅವರಿಗೆ ಮೊದಲೇ ತಿಳಿದಿತ್ತು. ಕೊಳ್ಳುವ ಹೊತ್ತಿಗೆ ಹಣ ಉಳಿಯುತ್ತಿರಲಿಲ್ಲ, ಅಷ್ಟೆ. ವಿಮೆಯ ವಿಷಯದಲ್ಲೂ ಹೀಗೆಯೇ ಮಾಡಿ. ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಗೆ ವರ್ಷಕ್ಕೆ 436 ರೂಪಾಯಿ, ಸುರಕ್ಷಾ ವಿಮೆಗೆ 20 ರೂಪಾಯಿ ಬ್ಯಾಂಕ್ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ವಿಮೆಯ ವರ್ಷ ಜೂನ್ 1ಕ್ಕೆ ಆರಂಭವಾಗುವುದರಿಂದ, ಮೇ ತಿಂಗಳ ನಡುವಿನಲ್ಲೇ ಖಾತೆಯಲ್ಲಿ ಐನೂರು ರೂಪಾಯಿ ಇರುವಂತೆ ನೋಡಿಕೊಳ್ಳಿ.

ಮುಗ್ಗಟ್ಟಿನ ದಿನಗಳಲ್ಲಿ ಅತಿ ಹೆಚ್ಚು ನಷ್ಟ ತರುವುದು ಸಾಲದ ನಿರ್ಧಾರ. ಇದಕ್ಕೆ ಹೆಚ್ಚಿನ ಸಿದ್ಧತೆ ಬೇಕು. ಸಾಲದ ಅಗತ್ಯವಿಲ್ಲದಿರುವಾಗಲೇ ಒಂದು ಚೀಟಿಯಲ್ಲಿ ಯಾರನ್ನು ಮೊದಲು ಕೇಳಬೇಕು, ಆಮೇಲೆ ಯಾರನ್ನು ಎಂದು ಕ್ರಮವಾಗಿ ಬರೆದು, ಪ್ರತಿಯೊಂದರ ಮುಂದೆ ವರ್ಷದ ಬಡ್ಡಿಯನ್ನು ನಮೂದಿಸಿ. ಬಡ್ಡಿಯಿಲ್ಲದ ಕೈಗಡ, ಸಹಕಾರ ಸಂಘ, ಸ್ವಸಹಾಯ ಗುಂಪು, ಬ್ಯಾಂಕಿನ ಚಿನ್ನದ ಸಾಲ ಮೊದಲು ಬರಲಿ. ಖಾಸಗಿ ಲೇವಾದೇವಿ ಕೊನೆಗಿರಲಿ. ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ಕೇಳಲು ಅಲ್ಪ, ಆದರೆ ಅದು ತಿಂಗಳ ಬಡ್ಡಿಯಾದ್ದರಿಂದ ಹತ್ತು ಸಾವಿರಕ್ಕೆ ವರ್ಷಕ್ಕೆ 3,600 ರೂಪಾಯಿ ಆಗುತ್ತದೆ. ಹತ್ತು ಸಾವಿರದ ಸಾಲದಲ್ಲಿ ಬಡ್ಡಿ ಮುರಿದುಕೊಂಡು ಒಂಬತ್ತು ಸಾವಿರ ಕೈಗಿತ್ತು, ವಾರಕ್ಕೆ ಸಾವಿರದಂತೆ ಹತ್ತು ವಾರ ವಸೂಲಿ ಮಾಡಿದರೆ, ಅಸಲು ವಾರವಾರವೂ ಕರಗುತ್ತಿರುವುದರಿಂದ ವರ್ಷದ ಬಡ್ಡಿ ಶೇಕಡಾ 100ನ್ನು ದಾಟುತ್ತದೆ. ಕೈಯಲ್ಲಿ ನೋಟು ಎಣಿಸುತ್ತಿರುವಾಗ ಈ ಲೆಕ್ಕ ಯಾರಿಗೂ ಹೊಳೆಯುವುದಿಲ್ಲ. ಅದಕ್ಕಾಗಿಯೇ ಚೀಟಿ ಬೇಕು.

ಜಮೀನು ಅಥವಾ ಹಸು ಮಾರುವುದು, ಮಗಳ ಓದು ಬಿಡಿಸುವುದು, ಮದುವೆಗೆ ದೊಡ್ಡ ಸಾಲ ಮಾಡುವುದು ಇಂಥ ಹಿಂದಿರುಗಿಸಲಾಗದ ನಿರ್ಧಾರಗಳನ್ನು ಕೊರತೆಯ ತಿಂಗಳುಗಳಲ್ಲಿ ಒಬ್ಬರೇ ಕುಳಿತು ಕೈಗೊಳ್ಳಬೇಡಿ. ಆ ಹೊತ್ತಿನ ಕೊರತೆಯಿಲ್ಲದ ಒಬ್ಬ ನಂಬಿಕಸ್ಥರ ಮುಂದೆ ವಿಷಯವನ್ನಿಟ್ಟು, ಅವರು ಹೌದೆಂದರೂ ಒಂದು ರಾತ್ರಿ ಕಳೆಯುವವರೆಗೆ ಸಹಿ ಹಾಕದಿರಿ.

ಕೆಲಸಕ್ಕೆ ಜನರನ್ನಿಟ್ಟುಕೊಂಡಿರುವವರಿಗೂ ಇಲ್ಲಿ ಒಂದು ಕರ್ತವ್ಯವಿದೆ. ಒಡಿಶಾದಲ್ಲಿ ಊಟದ ಎಲೆ ಹೊಲಿಯುವ ಕೂಲಿಕಾರರಿಗೆ ದುಡಿದ ಕೂಲಿಯ ಒಂದು ಭಾಗವನ್ನು ಮೊದಲೇ ಕೊಟ್ಟಾಗ, ಅವರು ಅದೇ ಅವಧಿಯಲ್ಲಿ ಹೆಚ್ಚು ಎಲೆಗಳನ್ನು ಹೊಲಿದರು. ಅವರಲ್ಲಿ ತೀರಾ ಬಡವರಾದವರ ಕೈಯಲ್ಲಿ ತಪ್ಪುಗಳೂ ಕಡಿಮೆಯಾದವು. ಮನೆಗೆಲಸದವರು ತಿಂಗಳ ನಡುವೆ ಸಂಬಳದ ಒಂದು ಭಾಗ ಕೇಳಿದರೆ ಲೆಕ್ಕ ಬರೆದಿಟ್ಟುಕೊಂಡು ಅಂದೇ ಕೊಡಿ. ಅವರ ಪರವಾಗಿ ಅರ್ಜಿ ತುಂಬಲು ಕುಳಿತಾಗ ಬೇಕಾದ ದಾಖಲೆಗಳನ್ನು ಒಂದೇ ಸಲ ಹೇಳಿ, ಏಕೆಂದರೆ ಪ್ರತಿ ಸಲದ ಅಲೆದಾಟಕ್ಕೂ ಅವರು ಒಂದು ದಿನದ ಕೂಲಿ ತೆರುತ್ತಾರೆ.