ಮಲೆನಾಡಿನ ಊರಿನಲ್ಲಿ ಬೊಜ್ಜಿನ ಅರಿವಿನ ಸಭೆ ನಡೆಸುವ ಬಗೆ

ವಿಶ್ವ ಬೊಜ್ಜು ದಿನ ಮಾರ್ಚ್ 4ರಂದು ಬರುತ್ತದೆ. ಆ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರದ ಕಡೆ ಅಡಿಕೆ ಕೊಯ್ಲು ಬಹುತೇಕ ಮುಗಿದಿರುತ್ತದೆ, ಮಳೆಯ ಕಾಟವೂ ಇರುವುದಿಲ್ಲ. ಸಭೆ ಕರೆಯಲು ತಕ್ಕ ಸಮಯ. ಹಾಲಿನ ಡೇರಿಯ ಜಗಲಿಯೋ ಸ್ವಸಹಾಯ ಸಂಘದ ಕೋಣೆಯೋ ಸಾಕು. ಆಶಾ ಕಾರ್ಯಕರ್ತೆಗೆ ವಾರದ ಮೊದಲೇ ತಿಳಿಸಿರಬೇಕು. ‘ಬೊಜ್ಜು ಕರಗಿಸಿ’ ಎಂದು ಬ್ಯಾನರ್ ಬರೆಸಬಾರದು. ಬರಬೇಕಾದವರೇ ಅದನ್ನು ನೋಡಿ ಮನೆಯಲ್ಲಿ ಉಳಿಯುತ್ತಾರೆ.

ತೂಕ ನೋಡುವ ಯಂತ್ರವನ್ನು ಎಲ್ಲರೆದುರು ಇಟ್ಟು ಅಂಕಿ ಕೂಗುವ ಪದ್ಧತಿಯನ್ನು ಮೊದಲು ಬಿಡಬೇಕು. ಪರದೆಯ ಹಿಂದೆ ದರ್ಜಿಯ ಟೇಪು ಹಿಡಿದು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚಿನ ನಡುವೆ, ಸಹಜವಾಗಿ ಉಸಿರು ಬಿಟ್ಟಾಗ ಸುತ್ತಳತೆ ತೆಗೆದು, ಚೀಟಿಯಲ್ಲಿ ಬರೆದು ಅವರ ಕೈಗೇ ಕೊಡಬೇಕು. ಭಾರತೀಯರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿ ಬರುವ ಸೂಚ್ಯಂಕ ನಮ್ಮವರಿಗೆ 25 ಮುಟ್ಟಿದರೆ ಬೊಜ್ಜು. ಅಂದರೆ 160 ಸೆಂಟಿಮೀಟರ್ ಎತ್ತರದವರು 64 ಕಿಲೋ ಇದ್ದರೆ ಸಾಕು.

ಇನ್ನು ಕಾರಣಗಳ ಮಾತು. ಇದನ್ನು ಭಾಷಣ ಮಾಡದೆ ಹಿರಿಯರಿಂದಲೇ ಹೇಳಿಸಬೇಕು. ಸೊಪ್ಪಿನ ಬೆಟ್ಟದಿಂದ ಹೊರೆ ತಂದದ್ದು, ಬಾವಿಯಿಂದ ನೀರು ಸೇದಿದ್ದು, ಒರಳಿನಲ್ಲಿ ರುಬ್ಬಿದ್ದು, ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಿ ಶಾಲೆಗೆ ನಡೆದದ್ದು ಒಂದೊಂದಾಗಿ ಹೊರಬರುತ್ತದೆ. ಕಡುಬು, ಅಕ್ಕಿರೊಟ್ಟಿ ಅಂದಿನವೇ, ಆದರೆ ಅವನ್ನು ಅರಗಿಸುತ್ತಿದ್ದ ದುಡಿಮೆ ಈಗಿಲ್ಲ; ಅದರ ಮೇಲೆ ಚಿಪ್ಸ್ ಪೊಟ್ಟಣವೂ ತಂಪು ಪಾನೀಯವೂ ಊರಿನ ಅಂಗಡಿಗೇ ಬಂದಿವೆ. ಮೂರು ತಿಂಗಳು ಜಡಿಮಳೆಯಲ್ಲಿ ನಡೆಯಲು ದಾರಿಯೂ ಇರದವರಿಗೆ ‘ಸೋಮಾರಿ’ ಎನ್ನುವುದು ಅನ್ಯಾಯ. ದಿನಕ್ಕೆ ಐದು ಲೋಟ ಕಾಫಿಗೆ ಎರಡೆರಡು ಚಮಚ ಸಕ್ಕರೆಯನ್ನು ಬಟ್ಟಲಿಗೆ ಸುರಿದು ತೋರಿಸಿದರೆ ಸಭೆ ತಾನೇ ಮೌನವಾಗುತ್ತದೆ: ಚಮಚಕ್ಕೆ ನಾಲ್ಕು ಗ್ರಾಂ ಹಿಡಿದರೂ 40 ಗ್ರಾಂ. (ಸಭೆಯ ಕೊನೆಗೆ ಬೇಕರಿ ಬನ್ನು ಹಂಚುವವರೂ ಇದ್ದಾರೆ, ಮಜ್ಜಿಗೆ, ಬೇಯಿಸಿದ ಕಡಲೆ ಕೊಡಿ.)

ವಂಶಪಾರಂಪರ್ಯ, ನಿದ್ದೆಗೇಡು, ಥೈರಾಯ್ಡ್ ಕೊರತೆ, ಪಿಸಿಒಡಿ (ಹೆಂಗಸರ ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನು ತೊಂದರೆ), ಸ್ಟೀರಾಯ್ಡ್ ಮಾತ್ರೆ ಮತ್ತು ಮಾನಸಿಕ ಕಾಯಿಲೆಯ ಕೆಲವು ಔಷಧಗಳಿಂದಲೂ ತೂಕ ಏರುತ್ತದೆ. ಇದನ್ನು ಕೇಳಿ ಯಾರೂ ತಾವಾಗಿ ಮಾತ್ರೆ ನಿಲ್ಲಿಸದಂತೆ ಎರಡು ಸಲ ಹೇಳಿ, ವೈದ್ಯರ ಬಳಿಗೆ ಕಳುಹಿಸಬೇಕು.

ಸಭೆ ಮುಗಿಯುವ ಮೊದಲು ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಬರೆಯಬೇಕು: ಮಳೆಗಾಲದ ಸಂಜೆ ಸಮುದಾಯ ಭವನವನ್ನು ನಡಿಗೆಗೆ, ಆಟಕ್ಕೆ ತೆರೆದಿಡಲಿ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂದು 2020ರ ಆಹಾರ ಸುರಕ್ಷತಾ ನಿಯಮವಿದೆ. ಅಂಗಡಿಯವರೂ ಊರಿನವರೇ ಆದ್ದರಿಂದ ಅವರನ್ನೂ ಕರೆದುಕೊಂಡು, ಗೇಟಿನಿಂದ ಹಗ್ಗ ಹಿಡಿದು ಅಳೆದು, ಆ ಅಳತೆಯನ್ನೂ ಅರ್ಜಿಯಲ್ಲಿ ಕಾಣಿಸಿ.