ಅಪಘಾತದಲ್ಲಿ ಗಾಯಗೊಂಡ ಸೈಕಲ್ ಸವಾರರು ಪರಿಹಾರ ಪಡೆಯುವ ಬಗೆ

ಕಾರವಾರದಿಂದ ಅಂಕೋಲಾ, ಕುಮಟಾ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಲಾರಿಯೋ ಕಾರೋ ಬಡಿದು ಗಾಯಗೊಂಡವರು ತಮ್ಮ ಸೈಕಲ್ಲಿಗೆ ವಿಮೆ ಇಲ್ಲವೆಂದು ಹಿಂಜರಿಯಬೇಕಾಗಿಲ್ಲ. ಚಾಲಕನ ನಿರ್ಲಕ್ಷ್ಯ ಸಾಬೀತಾದರೆ ಪರಿಹಾರದ ಹೊಣೆ ಆ ವಾಹನದ ಮಾಲೀಕರು ಮತ್ತು ವಿಮಾ ಕಂಪನಿಯದು. ಮೊದಲು ಎಫ್‌ಐಆರ್ ದಾಖಲಿಸಿ, ಗಾಯದ ಪ್ರಮಾಣಪತ್ರ, ಔಷಧದ ಬಿಲ್ಲುಗಳು, ಜಖಂಗೊಂಡ ಸೈಕಲ್ಲಿನ ಫೋಟೋಗಳನ್ನು ಜೋಪಾನವಾಗಿಡಬೇಕು. ಸೈಕಲ್ ರಿಪೇರಿಗೆ ಅವಸರ ಬೇಡ. ಬಳಿಕ ಮೋಟಾರು ವಾಹನ ಕಾಯ್ದೆ, 1988ರ ಕಲಂ 166ರಡಿ, ಅಪಘಾತ ನಡೆದ ಅಥವಾ ತಾವು ವಾಸಿಸುವ ಸ್ಥಳದ ವ್ಯಾಪ್ತಿಯ ಕ್ಲೇಮ್ಸ್ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದಾದ್ದರಿಂದ, ಕರಾವಳಿಯಲ್ಲಿ ಬಿದ್ದ ಶಿರಸಿಯವರು ಪ್ರತಿ ವಿಚಾರಣೆಗೂ ಘಟ್ಟ ಇಳಿಯಬೇಕೆಂದಿಲ್ಲ. 2019ರ ತಿದ್ದುಪಡಿ ಇದಕ್ಕೆ ಆರು ತಿಂಗಳ ಗಡುವು ವಿಧಿಸಿರುವಾಗ, ಗಾಯ ಪೂರ್ತಿ ಮಾಯಲೆಂದು ಕಾಯುವುದು ಸಲ್ಲದು. ವಾಹನ ಪರಾರಿಯಾಗಿ ಗುರುತು ಸಿಗದಿದ್ದರೆ ತೀವ್ರ ಗಾಯಕ್ಕೆ 50,000 ರೂಪಾಯಿ, ಸಾವಿಗೆ 2 ಲಕ್ಷ ರೂಪಾಯಿ ನಿಗದಿಯಾಗಿದ್ದು, ಅದರ ಅರ್ಜಿಯನ್ನು ಕಂದಾಯ ಇಲಾಖೆಯ ವಿಚಾರಣಾಧಿಕಾರಿಗೆ ಕೊಡಬೇಕು.