ಟರ್ಬೊ ಕಾರಿಗೆ ಹೊಸ ಎಕ್ಸಾಸ್ಟ್ ಹಾಕಿಸುವುದು ಹೇಗೆ? ಕರಾವಳಿಯವರಿಗೊಂದು ಕೈಪಿಡಿ

ಕೆಎ-30, ಕೆಎ-31 ನಂಬರ್ ಪ್ಲೇಟಿನ ಟರ್ಬೊ ಪೆಟ್ರೋಲ್ ಕಾರುಗಳು ಈಗ ಕಾರವಾರ, ಶಿರಸಿಯಲ್ಲಿ ಅಪರೂಪವಲ್ಲ. ಆಕ್ಟೇವಿಯಾ ಆರ್‌ಎಸ್, ಪೋಲೊ ಜಿಟಿ, ವರ್ಟಸ್ ಜಿಟಿ, ಐ20 ಎನ್ ಲೈನ್ ಹೀಗೆ. ಕಾರು ತಗೊಂಡು ವರ್ಷ ಕಳೆಯುವಷ್ಟರಲ್ಲಿ ಬಹಳ ಜನರಿಗೆ ಬರುವ ಮೊದಲ ಆಸೆ ಎಕ್ಸಾಸ್ಟ್ ಬದಲಿಸುವುದು. ಹಿಂದಿನ ಸೈಲೆನ್ಸರ್ ತೆಗೆದು ಬೇರೆ ಹಾಕಿದರೆ ಪವರ್ ಜಾಸ್ತಿಯಾಗುತ್ತದೆ ಅಂತ ಹೇಳುವವರೂ ಸಿಗುತ್ತಾರೆ. ಟರ್ಬೊ ಕಾರಿನಲ್ಲಿ ಶಬ್ದ ಬದಲಾಗುವ ಜಾಗ ಬೇರೆ, ಪವರ್ ಸಿಗುವ ಜಾಗ ಬೇರೆ. ದುಡ್ಡು ಕೊಡುವ ಮೊದಲು ಇದೊಂದು ಗೊತ್ತಿದ್ದರೆ ಅರ್ಧ ತೊಂದರೆ ತಪ್ಪುತ್ತದೆ. ಉಳಿದ ಅರ್ಧ ನಮ್ಮ ಉಪ್ಪು ಗಾಳಿಗೆ ಸಂಬಂಧಿಸಿದ್ದು.

ಮೊದಲು ಹೊಗೆಯ ದಾರಿ ನೋಡಿ

ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಹೊಗೆ ಹೊರಗೆ ಹೋದರೆ ಸಾಕು. ಟರ್ಬೊ ಎಂಜಿನ್ನಿನಲ್ಲಿ ಆ ಹೊಗೆಗೆ ಇನ್ನೂ ಒಂದು ಕೆಲಸವಿದೆ. ಅದು ಟರ್ಬೈನ್ ಚಕ್ರವನ್ನು ತಿರುಗಿಸಬೇಕು. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿ ಕಂಪ್ರೆಸರ್ ಚಕ್ರವಿದೆ. ಅದು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಈ ಒತ್ತಡಕ್ಕೇ ಬೂಸ್ಟ್ ಅನ್ನುವುದು.

ಟರ್ಬೈನ್ ತಿರುಗುವುದು ಒತ್ತಡದ ವ್ಯತ್ಯಾಸದಿಂದ. ಹೊಗೆ ಬರುವ ಕಡೆ ಒತ್ತಡ ಜಾಸ್ತಿ, ಹೋಗುವ ಕಡೆ ಕಡಿಮೆ ಇರಬೇಕು. ಮೇಲಿನ ಗದ್ದೆಯ ನೀರು ಬಿಟ್ಟಾಗ ಕೆಳಗಿನ ಗದ್ದೆಯಲ್ಲೂ ನೀರು ನಿಂತಿದ್ದರೆ ಹರಿವು ಮಂದ, ಕೆಳಗೆ ಖಾಲಿಯಿದ್ದರೆ ಜೋರು. ಇಲ್ಲೂ ಹಾಗೇ. ಟರ್ಬೈನ್ ದಾಟಿದ ಮೇಲೆ ಹೊಗೆಗೆ ಅಡ್ಡಿ ಕಡಿಮೆಯಾದಷ್ಟೂ ಟರ್ಬೊ ಬೇಗ ಎದ್ದೇಳುತ್ತದೆ. ‘ಎಂಜಿನ್ನಿಗೆ ಸ್ವಲ್ಪ ಬ್ಯಾಕ್ ಪ್ರೆಶರ್ ಬೇಕೇ ಬೇಕು’ ಎಂಬ ಗ್ಯಾರೇಜಿನ ಮಾತು ಟರ್ಬೈನಿನ ಆಚೆಗಿನ ಪೈಪಿಗೆ ಹೊಂದುವುದಿಲ್ಲ.

ಆ ಪೈಪಿನಲ್ಲಿ ಮೂರು ಭಾಗಗಳಿವೆ. ಟರ್ಬೊಗೆ ತಾಗಿಕೊಂಡಿರುವುದು ಡೌನ್‌ಪೈಪ್. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ. ಆಮೇಲೆ ರೆಸೊನೇಟರ್ (ಗುಂಯ್‌ಗುಟ್ಟುವ ಸದ್ದು ತಗ್ಗಿಸುವ ಡಬ್ಬಿ) ಇರುವ ನಡುವಿನ ಪೈಪ್. ಕೊನೆಗೆ ಸೈಲೆನ್ಸರ್. ಕೊನೆಯ ಡಬ್ಬಿ ಮಾತ್ರ ಬದಲಿಸಿದರೆ ಆಕ್ಸಲ್-ಬ್ಯಾಕ್. ಕ್ಯಾಟ್ ಆದ ಮೇಲಿನದೆಲ್ಲ ಬದಲಿಸಿದರೆ ಕ್ಯಾಟ್-ಬ್ಯಾಕ್. ಟರ್ಬೊದಿಂದ ತುದಿಯವರೆಗೆ ಎಲ್ಲವೂ ಹೊಸದಾದರೆ ಟರ್ಬೊ-ಬ್ಯಾಕ್.

ಹೊಗೆಗೆ ಅತಿ ಹೆಚ್ಚು ಅಡ್ಡಿ ಇರುವುದು ಡೌನ್‌ಪೈಪಿನಲ್ಲಿ. ಅಲ್ಲಿ ಜಾಗ ಇಕ್ಕಟ್ಟು, ತಿರುವು ಕಡಿದು, ಕ್ಯಾಟಿನ ಜಾಲರಿ ಬೇರೆ. ಹಾಗಾಗಿ ಆಕ್ಸಲ್-ಬ್ಯಾಕ್ ಹಾಕಿದರೆ ಸಿಗುವುದು ಶಬ್ದ ಮಾತ್ರ. ಕ್ಯಾಟ್-ಬ್ಯಾಕ್ ಹಾಕಿದರೆ ಶಬ್ದದ ಜೊತೆ ಸ್ವಲ್ಪ ತೂಕ ಕಡಿಮೆಯಾಗಬಹುದು, ಮೇಲಿನ ಆರ್‌ಪಿಎಂನಲ್ಲಿ ಎಂಜಿನ್ ತುಸು ಹಗುರಾಗಿ ಉಸಿರಾಡಬಹುದು. 120 ಪಿಎಸ್‌ನ 1 ಲೀಟರ್ ಎಂಜಿನ್ನಿನಲ್ಲಿ ಇದು ಡ್ರೈವರ್ ಗಮನಕ್ಕೂ ಬರಲಿಕ್ಕಿಲ್ಲ. 245 ಪಿಎಸ್‌ನ ಆಕ್ಟೇವಿಯಾ ಆರ್‌ಎಸ್‌ನಂಥ ಕಾರಿನಲ್ಲಿ ಹರಿಯುವ ಹೊಗೆ ಜಾಸ್ತಿ, ಅಲ್ಲಿ ವ್ಯತ್ಯಾಸವೂ ಸ್ವಲ್ಪ ಜಾಸ್ತಿ.

ಇಸಿಯು ಸುಮ್ನೆ ಕೂರುವುದಿಲ್ಲ

ಇವತ್ತಿನ ಟರ್ಬೊ ಕಾರುಗಳಲ್ಲಿ ಎಷ್ಟು ಬೂಸ್ಟ್ ಬೇಕು, ಎಷ್ಟು ಟಾರ್ಕ್ ಕೊಡಬೇಕು ಎಂದು ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಮೊದಲೇ ಲೆಕ್ಕ ಹಾಕಿರುತ್ತದೆ. ನೀವು ಅಗಲದ ಪೈಪ್ ಹಾಕಿದಿರಿ ಅಂದುಕೊಳ್ಳಿ. ಟರ್ಬೊ ಬೇಗ ತಿರುಗುತ್ತದೆ. ಲೆಕ್ಕದ ಬೂಸ್ಟ್ ಮುಟ್ಟಿದ ತಕ್ಷಣ ಇಸಿಯು ವೇಸ್ಟ್‌ಗೇಟ್ ತೆರೆದು ಉಳಿದ ಹೊಗೆಯನ್ನು ಪಕ್ಕದ ದಾರಿಯಲ್ಲಿ ಕಳಿಸಿಬಿಡುತ್ತದೆ. ಬೂಸ್ಟ್ ಸ್ವಲ್ಪ ಬೇಗ ಬಂತು, ಆದರೆ ಗರಿಷ್ಠ ಪವರ್ ಹೆಚ್ಚುಕಡಿಮೆ ಮೊದಲಿನಷ್ಟೇ.

ಈ ‘ಬೇಗ ಬರುವುದು’ ನಮ್ಮ ಕಡೆ ಸಣ್ಣ ಮಾತಲ್ಲ. ದೇವಿಮನೆ ಘಟ್ಟದಲ್ಲಿ ಅಥವಾ ಅರಬೈಲ್ ಘಟ್ಟದಲ್ಲಿ ತಿರುವು ಮುಗಿಸಿ ಎರಡನೇ ಗೇರಿನಲ್ಲಿ ಎದ್ದು ಬರುವಾಗ ಬೇಕಾಗುವುದು ಅದೇ. ಆದರೆ ದೊಡ್ಡ ಪವರ್ ಬೇಕೆಂದರೆ ಡೌನ್‌ಪೈಪಿನ ಜೊತೆ ಇಸಿಯು ರೀಮ್ಯಾಪ್ (ಅದರ ಲೆಕ್ಕವನ್ನೇ ಹೊಸದಾಗಿ ಬರೆಯುವುದು) ಆಗಲೇಬೇಕು. ಟ್ಯೂನಿಂಗ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸ್ಟೇಜ್ 1 ಅಂದರೆ ಬರೀ ರೀಮ್ಯಾಪ್, ಸ್ಟೇಜ್ 2 ಅಂದರೆ ರೀಮ್ಯಾಪ್ ಜೊತೆ ಡೌನ್‌ಪೈಪ್. ಪವರಿಗಾಗಿ ಎಕ್ಸಾಸ್ಟ್ ಒಂದನ್ನೇ ಬದಲಿಸುವುದು ದುಡ್ಡು ದಂಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಇನ್ನೊಂದು ಅಪಾಯ ಇದೆ. ಪೈಪ್ ತೀರಾ ಸಲೀಸಾದಾಗ ಕೆಲವು ಕಾರುಗಳಲ್ಲಿ ವೇಸ್ಟ್‌ಗೇಟ್ ಪೂರ್ತಿ ತೆರೆದರೂ ಸಾಲದೆ ಬೂಸ್ಟ್ ಲೆಕ್ಕ ಮೀರಿ ಏರುತ್ತದೆ. ಇದಕ್ಕೆ ಬೂಸ್ಟ್ ಕ್ರೀಪ್ ಅನ್ನುತ್ತಾರೆ. ಆಗ ಇಸಿಯು ಕಾರನ್ನು ಲಿಂಪ್ ಮೋಡಿಗೆ, ಅಂದರೆ ಪವರ್ ತಗ್ಗಿಸಿ ನಿಧಾನ ಓಡುವ ಸ್ಥಿತಿಗೆ, ತಳ್ಳಬಹುದು. ಅದು ತಡೆಯದಿದ್ದರೆ ಪಿಸ್ಟನ್ನಿಗೇ ಕುತ್ತು.

ಹೆಜ್ಜೆ 1: ಬದಲಿಸುವ ಮೊದಲಿನ ಲೆಕ್ಕ ಬರೆದಿಡಿ

ಕಾರಿನ ತಪಾಸಣೆಗೆಂದೇ ಇರುವ ಒಬಿಡಿ ಪೋರ್ಟಿಗೆ ಸಿಕ್ಕಿಸುವ ಸಣ್ಣ ರೀಡರ್ ತಗೊಳ್ಳಿ. ಬೂಸ್ಟ್, ಎಂಜಿನ್ನಿಗೆ ಹೋಗುವ ಗಾಳಿಯ ಉಷ್ಣತೆ, ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ಮೂರನ್ನೂ ದಾಖಲಿಸಿ. ಖಾಲಿ ರಸ್ತೆಯಲ್ಲಿ, ವೇಗದ ಮಿತಿಯೊಳಗೆ, ಒಂದೇ ಗೇರಿನಲ್ಲಿ 2000 ಆರ್‌ಪಿಎಂನಿಂದ ಮೇಲೆ ಎಳೆದರೆ ಸಾಕು. ಅಂಕಿ ತೋರಿಸುವ ಫೋನ್ ಪಕ್ಕದಲ್ಲಿ ಕುಳಿತವರ ಕೈಯಲ್ಲಿರಲಿ.

ಆಮೇಲಿನ ಪರೀಕ್ಷೆಯೂ ಅದೇ ರಸ್ತೆಯಲ್ಲಿ, ಅದೇ ಹೊತ್ತಿನಲ್ಲಿ ಆಗಬೇಕು. ಕಾರವಾರದ ಮಧ್ಯಾಹ್ನದ ಸೆಕೆಯಲ್ಲಿ ತೆಗೆದ ಅಂಕಿಯನ್ನು ಶಿರಸಿಯ ಬೆಳಗಿನ ತಂಪಿನ ಅಂಕಿಗೆ ಹೋಲಿಸಿದರೆ ಅರ್ಥವಿಲ್ಲ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡವೇ ಕಡಿಮೆ. ಅಷ್ಟೇ ಬೂಸ್ಟಿಗೆ ಟರ್ಬೊ ಜಾಸ್ತಿ ದುಡಿಯಬೇಕು.

ಹೆಜ್ಜೆ 2: ಕ್ಯಾಟ್ ಮುಟ್ಟಬೇಡಿ

ಕ್ಯಾಟ್ ತೆಗೆದು ಬರೀ ಪೈಪ್ ಹಾಕಿಕೊಡುವವರು ಇದ್ದಾರೆ. ಬೇಡ. ಕ್ಯಾಟ್‌ನಲ್ಲಿರುವ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ ಕಾರ್ಬನ್ ಮೊನಾಕ್ಸೈಡ್, ಉರಿಯದ ಪೆಟ್ರೋಲ್, ನೈಟ್ರೋಜನ್ ಆಕ್ಸೈಡುಗಳನ್ನು ಅಷ್ಟು ಕೆಡುಕಿಲ್ಲದ ಅನಿಲಗಳಾಗಿ ಮಾಡುತ್ತದೆ. ಅದನ್ನು ತೆಗೆದರೆ ಹಿಂದೆ ಬರುವ ಸ್ಕೂಟರಿನವರು ಆ ವಿಷ ಕುಡಿಯಬೇಕು. ಎಮಿಷನ್ ಟೆಸ್ಟಿನಲ್ಲೂ ಕಾರು ಸಿಕ್ಕಿಬೀಳುತ್ತದೆ. ಕ್ಯಾಟಿನ ಆಚೆ ಇರುವ ಎರಡನೇ ಆಕ್ಸಿಜನ್ ಸೆನ್ಸರ್ ವ್ಯತ್ಯಾಸ ಕಂಡುಹಿಡಿದು ಪಿ0420 ಕೋಡ್ ಹಾಕಿ ಚೆಕ್ ಎಂಜಿನ್ ದೀಪ ಹೊತ್ತಿಸುತ್ತದೆ. ಆ ದೀಪವನ್ನು ಸಾಫ್ಟ್‌ವೇರಿನಲ್ಲಿ ಆರಿಸಿಕೊಂಡರೆ ಮುಂದೆ ಕ್ಯಾಟ್‌ನಲ್ಲಿ ನಿಜವಾದ ತೊಂದರೆ ಬಂದರೂ ತಿಳಿಯುವುದಿಲ್ಲ.

ಕಾನೂನೂ ಗಟ್ಟಿಯಾಗಿದೆ. ಕಂಪನಿ ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ ಕಲಂ 52 ತಡೆಯುತ್ತದೆ. 2019ರ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಒಂದೊಂದಕ್ಕೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಜೊತೆಗೆ 3 ತಿಂಗಳು ಲೈಸೆನ್ಸ್ ಅನರ್ಹ. ತಯಾರಿಕೆಯ ಹಂತದಲ್ಲಿ ಪ್ರಯಾಣಿಕ ಕಾರಿಗೆ ಇರುವ ಶಬ್ದದ ಮಿತಿ 74 ಡೆಸಿಬಲ್. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಆದ್ದರಿಂದ ಆರ್ಡರ್ ಮಾಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ. ವಾರಂಟಿ ಬಾಕಿಯಿದ್ದರೆ ಶೋರೂಮಿನಲ್ಲಿ, ವಿಮೆಯವರ ಹತ್ತಿರ ಬರವಣಿಗೆಯಲ್ಲೇ ಕೇಳಿ.

ಆಕ್ಸಿಲರೇಟರ್ ಬಿಟ್ಟಾಗ ಪಟಾಕಿಯಂತೆ ಸಿಡಿಯುವ ಮ್ಯಾಪ್ ಹಾಕಿಸಿಕೊಳ್ಳುವವರಿಗೂ ಒಂದು ಮಾತು. ಆ ಸದ್ದು ಪೆಟ್ರೋಲ್ ಎಕ್ಸಾಸ್ಟಿನೊಳಗೆ ಉರಿಯುವುದರಿಂದ ಬರುತ್ತದೆ. ಕ್ಯಾಟಿಗೂ ಟರ್ಬೈನಿಗೂ ಅದು ಪೆಟ್ಟು. ಕದ್ರಾದಿಂದ ಅಣಶಿ ಹತ್ತಿ ಜೋಯಿಡಾಕ್ಕೆ ಹೋಗುವ ದಾರಿ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗಿದೆ. ಅಲ್ಲಿ ಆ ಸದ್ದು ಯಾರಿಗೂ ಬೇಡ.

ಹೆಜ್ಜೆ 3: ಸ್ಟೀಲ್ ಯಾವುದು ಅಂತ ಪಟ್ಟು ಹಿಡಿದು ಕೇಳಿ

ಬೆಂಗಳೂರಿನವರಿಗೆ ಇದು ಎರಡನೇ ವಿಷಯ. ನಮಗೆ ಇದೇ ಮೊದಲನೆಯದು. ಕಾರವಾರದಲ್ಲಿ ರಾಷ್ಟ್ರೀಯ ಹೆದ್ದಾರಿ 66 ಸಮುದ್ರದ ಬದಿಯಲ್ಲೇ ಹೋಗುತ್ತದೆ. ಗಾಳಿಯ ಉಪ್ಪು ಕಾರಿನ ಅಡಿಗೆ ಅಂಟಿಕೊಂಡು, ತೇವ ಸೇರಿದಾಗ ಸ್ಟೇನ್‌ಲೆಸ್ ಸ್ಟೀಲನ್ನೂ ಚುಕ್ಕೆಚುಕ್ಕೆಯಾಗಿ ತಿನ್ನುತ್ತದೆ.

ಕಂಪನಿಯ ಎಕ್ಸಾಸ್ಟುಗಳಲ್ಲಿ ಹೆಚ್ಚಾಗಿ ಬಳಸುವ 409 ಗ್ರೇಡಿನಲ್ಲಿ ಕ್ರೋಮಿಯಂ ಸುಮಾರು 11%. ಮೇಲ್ಮೈ ಕೆಂಪಾದರೂ ಅದು ವರ್ಷಗಟ್ಟಲೆ ಬಾಳುತ್ತದೆ. 304ರಲ್ಲಿ ಕ್ರೋಮಿಯಂ ಸುಮಾರು 18%, ನಿಕಲ್ ಸುಮಾರು 8%. ಕರಾವಳಿಗೆ ಕನಿಷ್ಠ ಇದು ಬೇಕು. 316ರಲ್ಲಿ ಇನ್ನೂ 2ರಿಂದ 3% ಮಾಲಿಬ್ಡಿನಂ ಇರುವುದರಿಂದ ಉಪ್ಪಿಗೆ ಹೆಚ್ಚು ಜಗ್ಗುವುದಿಲ್ಲ. ಬೆಲೆ ಜಾಸ್ತಿ. ತುದಿಯ ಸೈಲೆನ್ಸರ್ ಒಂದನ್ನಾದರೂ ಅದರಲ್ಲಿ ಮಾಡಿಸಲು ಸಾಧ್ಯವಾದರೆ ಒಳ್ಳೆಯದು.

ಮೋಸ ಹೋಗುವುದು 202ರಲ್ಲಿ. ಮನೆಯ ರೇಲಿಂಗ್, ಗೇಟುಗಳಿಗೆ ಬಳಸುವ ಅಗ್ಗದ ಗ್ರೇಡ್ ಅದು. ನಿಕಲ್ ಕಡಿಮೆ. ಪಾಲಿಶ್ ಮಾಡಿದರೆ 304ರ ಹಾಗೇ ಹೊಳೆಯುತ್ತದೆ. ಮ್ಯಾಗ್ನೆಟ್ ಹಿಡಿದರೆ ಗೊತ್ತಾಗುತ್ತದೆ ಅಂದುಕೊಳ್ಳಬೇಡಿ. 202ಕ್ಕೂ ಮ್ಯಾಗ್ನೆಟ್ ಅಂಟುವುದಿಲ್ಲ. ಅಪ್ಪಟ 304 ಕೂಡ ಬಗ್ಗಿಸಿದ ಜಾಗದಲ್ಲಿ ಮ್ಯಾಗ್ನೆಟನ್ನು ತುಸು ಎಳೆಯಬಹುದು. ದ್ರಾವಣದ ಹನಿ ಹಾಕಿ ಬಣ್ಣ ನೋಡಿ ಗ್ರೇಡ್ ಹೇಳುವ ಪರೀಕ್ಷೆ ಇದೆ. ಸ್ಟೀಲ್ ವ್ಯಾಪಾರದವರನ್ನು ಕೇಳಿ ಅದನ್ನು ಮಾಡಿಸಿ. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ.

ತುಕ್ಕು ಒಳಗಿನಿಂದಲೂ ಬರುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಪೈಪ್ ಬಿಸಿಯಾಗಿದ್ದರೆ ಅದು ಆವಿಯಾಗಿ ಹೋಗುತ್ತದೆ. ಮನೆಯಿಂದ ಮಾರ್ಕೆಟ್ಟಿಗೆ, ಮಾರ್ಕೆಟ್ಟಿನಿಂದ ಮನೆಗೆ ಮಾತ್ರ ಓಡಿಸಿದರೆ ಸೈಲೆನ್ಸರಿನಲ್ಲೇ ನಿಲ್ಲುತ್ತದೆ. ಡಬ್ಬಿಯ ಕೆಳಗೆ ನೀರು ಇಳಿಯುವ ಸಣ್ಣ ತೂತು ಇದೆಯಾ ನೋಡಿ.

ವೆಲ್ಡಿಂಗ್ ಆರ್ಗಾನ್‌ನದ್ದೇ ಆಗಬೇಕು. ಹೊರಗಿನಿಂದ ಮಾತ್ರವಲ್ಲ, ಪೈಪಿನೊಳಗೂ ಆರ್ಗಾನ್ ತುಂಬಿ ಬೆಸೆಯಬೇಕು. ಇಲ್ಲದಿದ್ದರೆ ಒಳಗಡೆ ಕಪ್ಪು ಹರಳು ಕಟ್ಟಿ ಅಲ್ಲಿಂದಲೇ ತುಕ್ಕು ಶುರು. ಬೈತಖೋಲ ಬಂದರಿನಲ್ಲಿ ಬೋಟುಗಳ ಸ್ಟೀಲ್ ಕೆಲಸ ಮಾಡುವವರಿಗೆ ಉಪ್ಪಿನ ಸ್ವಭಾವ ಗೊತ್ತಿರುತ್ತದೆ. ಅಂಥವರಿಗೆ ಒಮ್ಮೆ ಬೆಸುಗೆ ತೋರಿಸಿ. ತಿರುವುಗಳು ಪೈಪಿನೊಳಗೆ ಆಧಾರವಿಟ್ಟು ಬಗ್ಗಿಸುವ ಮ್ಯಾಂಡ್ರೆಲ್ ಯಂತ್ರದಲ್ಲಿ ಬಗ್ಗಿಸಿದವಾಗಿರಲಿ. ಸಾದಾ ಒತ್ತುಯಂತ್ರದಲ್ಲಿ ಬಗ್ಗಿಸಿದರೆ ತಿರುವಿನಲ್ಲಿ ಪೈಪ್ ಚಪ್ಪಟೆಯಾಗುತ್ತದೆ. ಆಗ ಅಗಲದ ಪೈಪ್ ಹಾಕಿಯೂ ಪ್ರಯೋಜನವಿಲ್ಲ.

ಹೆಜ್ಜೆ 4: ಗುಂಯ್‌ಗುಟ್ಟುವುದನ್ನು ಮೊದಲೇ ಲೆಕ್ಕ ಹಾಕಿ

ಅಂಗಡಿಯ ಮುಂದೆ ಎಂಜಿನ್ ರೇಸ್ ಮಾಡಿದಾಗ ಚೆನ್ನಾಗಿ ಕೇಳುವ ಎಕ್ಸಾಸ್ಟ್, ಭಟ್ಕಳದವರೆಗೆ ಒಂದೇ ವೇಗದಲ್ಲಿ ಹೋಗುವಾಗ ತಲೆನೋವು ತರಬಹುದು. ಕಾರಣ ಸರಳ. ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ. 2400 ಆರ್‌ಪಿಎಂ ಅಂದರೆ ಸೆಕೆಂಡಿಗೆ 40 ಸುತ್ತು, 80 ಸಲ ಸದ್ದು. ಮೂರು ಸಿಲಿಂಡರ್ ಆದರೆ 60. ಈ ತಗ್ಗು ಸ್ವರಕ್ಕೆ ಕಾರಿನ ಒಳಗಿನ ಗಾಳಿಯೂ ಕಂಪಿಸತೊಡಗಿದರೆ ಕಿವಿ ಕಟ್ಟಿದ ಹಾಗಾಗುತ್ತದೆ.

ಆದ್ದರಿಂದ ನಡುವಿನ ರೆಸೊನೇಟರ್ ತೆಗೆಸಬೇಡಿ. ಆದರೂ ಗುಂಯ್‌ಗುಟ್ಟಿದರೆ ಪೈಪಿನ ಪಕ್ಕಕ್ಕೆ ಒಂದು ತುದಿ ಮುಚ್ಚಿದ ಇನ್ನೊಂದು ಕೊಳವೆ ಬೆಸೆಯುತ್ತಾರೆ. ಅದರೊಳಗೆ ಹೋಗಿ ತಿರುಗಿ ಬಂದ ಸದ್ದು ಮೂಲ ಸದ್ದನ್ನು ಹೊಡೆದುಹಾಕುತ್ತದೆ. ಅದರ ಉದ್ದ ಸದ್ದಿನ ಅಲೆಯ ಕಾಲು ಭಾಗ. 80 ಹರ್ಟ್ಸ್‌ಗೆ, ಹೊಗೆಯ ಬಿಸಿಗೆ ತಕ್ಕಂತೆ ಸುಮಾರು ಒಂದೂಕಾಲರಿಂದ ಒಂದೂವರೆ ಮೀಟರ್.

ಹೆಜ್ಜೆ 5: ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ

ಕಾರು ಪೂರ್ತಿ ತಣಿದಿರಬೇಕು. ಕಾರನ್ನು ಬರೀ ಜಾಕ್ ಮೇಲೆ ನಿಲ್ಲಿಸಿ ಅಡಿಗೆ ಹೋಗಬಾರದು, ಗಟ್ಟಿ ಸ್ಟ್ಯಾಂಡ್ ಅಥವಾ ಲಿಫ್ಟ್ ಬೇಕು. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಇಲ್ಲದಿದ್ದರೆ ಬೋಲ್ಟ್ ಮುರಿಯುತ್ತದೆ. ಗ್ಯಾಸ್ಕೆಟ್ ಹೊಸದೇ ಹಾಕಿಸಿ. ರಬ್ಬರ್ ಹ್ಯಾಂಗರ್ ಬಿರುಕು ಬಿಟ್ಟಿದ್ದರೆ ಅದೂ ಹೊಸದಾಗಲಿ.

ಎಲ್ಲ ಕ್ಲಾಂಪುಗಳನ್ನೂ ಮೊದಲು ಸಡಿಲವಾಗಿಯೇ ಕೂರಿಸಬೇಕು. ಪೈಪ್ ಯಾವ ಕಡೆಗೂ ತಾಗದಂತೆ ಹೊಂದಿಸಿದ ಮೇಲೆ ಎಂಜಿನ್ ಕಡೆಯಿಂದ ಹಿಂದಕ್ಕೆ ಒಂದೊಂದಾಗಿ ಬಿಗಿಯಬೇಕು. ಬಿಸಿಯಾದಾಗ ಪೈಪ್ ಉದ್ದವಾಗುತ್ತದೆ, ಅದಕ್ಕೆ ಜಾಗ ಬಿಡಿ. ನೆಲದಿಂದ ಎತ್ತರ ಅಳೆಯಿರಿ. ಮೊದಲಿಗಿಂತ ಕಡಿಮೆಯಾಗಿದ್ದರೆ ಒಪ್ಪಬೇಡಿ. ನಮ್ಮೂರ ಹಂಪುಗಳು ಮೊದಲು ಹೊಡೆಯುವುದೇ ಅಲ್ಲಿಗೆ.

ಸ್ಟಾರ್ಟ್ ಮಾಡಿದ ಕೂಡಲೇ, ಪೈಪ್ ಬಿಸಿಯಾಗುವ ಮೊದಲು, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಿ. ಮೊದಲ ಆಕ್ಸಿಜನ್ ಸೆನ್ಸರಿನ ಹತ್ತಿರ ಸೋರಿಕೆಯಿದ್ದರೆ ಹೊರಗಿನ ಗಾಳಿ ಒಳಸೇರಿ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ. ಇಸಿಯು ಬೇಡದೆ ಹೆಚ್ಚು ಪೆಟ್ರೋಲ್ ಸುರಿಯುತ್ತದೆ.

ಹಾಕಿಸಿದ ಮೇಲೆ

ಕೆಲವು ದಿನ ಓಡಿಸಿ, ಬಿಸಿಯಾಗಿ ತಣಿದ ಮೇಲೆ ಬೋಲ್ಟುಗಳನ್ನು ಮತ್ತೆ ಬಿಗಿಸಿ. ಹೆಜ್ಜೆ 1ರಲ್ಲಿ ಬರೆದಿಟ್ಟ ಲೆಕ್ಕವನ್ನು ಈಗ ಪಕ್ಕಕ್ಕಿಟ್ಟು ನೋಡಿ. ಬೂಸ್ಟ್ ಮೊದಲಿಗಿಂತ ಮೇಲೆ ಹೋಗಿದ್ದರೆ ಅಥವಾ ಟೈಮಿಂಗ್ ಹಿಂದೆ ಸರಿಯುತ್ತಿದ್ದರೆ ಟ್ಯೂನರ್ ಹತ್ತಿರ ತೋರಿಸದೆ ಜೋರಾಗಿ ಓಡಿಸಬೇಡಿ.

ಘಟ್ಟ ಹತ್ತಿ ಬಂದ ತಕ್ಷಣ ಎಂಜಿನ್ ಆಫ್ ಮಾಡಬೇಡಿ. ಒಂದೆರಡು ನಿಮಿಷ ಐಡಲಿನಲ್ಲಿ ಬಿಡಿ, ಟರ್ಬೊದ ಎಣ್ಣೆ ತಣಿಯಲಿ. ತೋಟದ ಬದಿಯಲ್ಲಿ ಒಣ ದರಕು, ಒಣ ಹುಲ್ಲಿನ ಮೇಲಂತೂ ನಿಲ್ಲಿಸಲೇಬೇಡಿ. ಕ್ಯಾಟಿನ ಬಿಸಿಗೆ ಅದು ಹೊತ್ತಿಕೊಳ್ಳಬಹುದು. ಸಮುದ್ರದ ಬದಿ ಓಡಾಡಿದ ವಾರ ಕಾರಿನ ಅಡಿಗೆ ಸಿಹಿನೀರು ಹೊಡೆಯಿರಿ, ಪೈಪ್ ತಣಿದ ಮೇಲೆ.

ಹಳೆಯ ಎಕ್ಸಾಸ್ಟ್ ಗುಜರಿಗೆ ಹಾಕಬೇಡಿ. ವಾರಂಟಿ ಕೆಲಸಕ್ಕೆ, ಆರ್‌ಟಿಒ ತಪಾಸಣೆಗೆ, ಕಾರು ಮಾರುವಾಗ ಅದು ಬೇಕೇ ಬೇಕು. ಅಟ್ಟದ ಮೇಲೋ ಕೊಟ್ಟಿಗೆಯಲ್ಲೋ ಒಣಜಾಗದಲ್ಲಿಡಿ. ಎರಡೂ ಬಾಯಿಗೆ ಬಟ್ಟೆ ತುರುಕಿ ಕಟ್ಟಿ, ಇಲ್ಲದಿದ್ದರೆ ಕುಂಬಾರ ಹುಳ ಒಳಗೆ ಮಣ್ಣಿನ ಗೂಡು ಕಟ್ಟುತ್ತದೆ.